ಮುಚ್ಚಿದ ಗೇಟಿನ ಆಚೆ

ಅಕ್ಟೋಬರ್ 7, ಮಂಗಳವಾರ

ಟೋನರ್ ಮುಗಿಯುತ್ತ ಬಂತು. ಇಡೀ ದಿನ ಬೂದು ಬೂದು ಪ್ರತಿಗಳು. ನಾಡದೋಣಿಯವರ ಕರಪತ್ರ ಮತ್ತೆ ಬಂದಿತ್ತು — ಲೈಟ್ ಫಿಶಿಂಗ್ ನಿಲ್ಲಿಸಿ. ಎಂದಿನಂತೆ ನನಗೆಂದು ಒಂದು ಪ್ರತಿ ಹೆಚ್ಚು ತೆಗೆದೆ. ಈ ಜೆರಾಕ್ಸ್ ಅಂಗಡಿಗೆ ಬಂದ ಕರಪತ್ರಗಳೇ ನನ್ನ ಓದು. ಅಂಗಡಿಯ ಯತೀಶಣ್ಣ ಕೇಳಿದರು, "ನೀ ಓದಿ ಮುಗ್ಸುವರಿಗೆ ಗಿರಾಕಿ ನಿಂತ್ಕಂಡಿರ್ಕಾ?" ನಿಲ್ಲಲಿ ಅಂದೆ.

ಕತ್ತಲ ಸಮುದ್ರಕ್ಕೆ ದೀಪ ಬಿಟ್ಟು, ಬೆಳಕಿಗೆ ಬಂದ ಮರಿಮೀನನ್ನೂ ಉಳಿಸದೆ ಬಾಚುವುದು. ನನ್ನ ಅಣ್ಣ ರತನ್ ಈ ಸೀಸನ್‌ನಿಂದ ಅಂಥ ಬೋಟಿಗೇ ಹೋಗುತ್ತಿದ್ದಾನೆ. ಅವನು ಪದಾರ್ಥಕ್ಕೆಂದು ತರುವ ಪಾಲಿನ ಮೀನು ಇನ್ನು ಮುಟ್ಟುವುದಿಲ್ಲ ಎಂದು ಕಳೆದ ವಾರ ಹೇಳಿಬಿಟ್ಟೆ. ಮೀನನ್ನೇ ನಂಬಿದ ಉಪ್ಪುಂದದ ಮೊಗವೀರರಾದ ನಮ್ಮ ಮನೆಯಲ್ಲಿ, ಬಂಗುಡೆ ಸಾರಿನ ಎದುರು, ಉಪ್ಪಿನಕಾಯಿ ಕಲಸಿ ಉಂಡೆ. ಅಣ್ಣ ತಲೆ ಎತ್ತಲಿಲ್ಲ. ಅಮ್ಮ ಸೌಟು ಕೆಳಗಿಟ್ಟಳು.

"ಅವ ತಂದ ಮೀನ್ ಬೇಡ ಅಂದ್ರೆ ಅವನೇ ಬೇಡ ಅಂದಾಂಗೆ, ಹೆಣೆ."

ಹಾಗಲ್ಲ. ತತ್ವ ಬೇರೆ, ಅಣ್ಣ ಬೇರೆ... ಯಾರಿಗೆ ಹೇಳುವುದು.

ಅಂದಿನಿಂದ ಅವನು ನನ್ನೊಡನೆ ಮಾತು ಬಿಟ್ಟ. ಭಾನುವಾರ ಬೋಟಿಗೆ ಹೊರಟವನು ಬಾಗಿಲಲ್ಲಿ ನಿಂತು ಇಷ್ಟೇ ಅಂದ: "ಗುರ್ವಾರ ಶಿಯೋಗಾನೆ ಬತ್ತಿತ್. ನಾ ಬಪ್ಪುವರಿಗೆ ಕಾಂಬುಕಾಗ."

ಶಿಯೋಗಾನೆ ಅಂದರೆ ನಾವಿಬ್ಬರೂ ನೋಡುವ ಜಪಾನಿ ಅನಿಮೆ ಸರಣಿ, ಅದರ ಎರಡನೇ ಸೀಸನ್ ಶುರು. ಆಯ್ತು ಅಂದೆ. ಅವನು ಬರುವವರೆಗೆ ನೋಡುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ಅಕ್ಟೋಬರ್ 9, ಗುರುವಾರ. ಸಂಜೆ 7

ನೋಡಿದೆ.

ಶಿಯೋಗಾನೆ ಅಭಿಮಾನಿಗಳ ಗ್ರೂಪಿನಲ್ಲಿ ಎಲ್ಲರೂ ಆಗಲೇ ಕಿತ್ತಾಡುತ್ತಿದ್ದರು. ಅದೊಂದೇ ಕಾರಣವಲ್ಲ. ಸಿಟ್ಟಿತ್ತು. ಲೈಟ್ ಬೋಟಿನವನಿಗೆ ನಾನೇಕೆ ಕಾಯಬೇಕು?

ಮೊದಲ ಸೀಸನ್ ನೋಡಿದ್ದು ಇಬ್ಬರೂ ಸೇರಿ. ಮಳೆಗಾಲ, ಬೋಟುಗಳೆಲ್ಲ ದಡದಲ್ಲಿ. ಒಂದೇ ಮೊಬೈಲು, ಇಯರ್‌ಫೋನಿನ ಒಂದೊಂದು ತುದಿ ಒಬ್ಬೊಬ್ಬರ ಕಿವಿಗೆ. ಲೈಟ್‌ಹೌಸಿನಷ್ಟು ಎತ್ತರದ ಯಂತ್ರ; ಒಳಗೆ ಕೂತು ಓಡಿಸುವ ಅಕ್ಕ ಇಸಾನಾ, ತಮ್ಮ ಕೈಟೋ. ಕಡೆಯಲ್ಲಿ, ಯಂತ್ರದ ಒಡೆತನದ ಕಂಪನಿಯ ಯುದ್ಧ ಬೇಡವೆಂದು ಯಂತ್ರವನ್ನು ಕೊಲ್ಲಿಯಲ್ಲಿ ಮುಳುಗಿಸಿ ಬರಿಗಾಲಲ್ಲಿ ಮನೆಗೆ ನಡೆಯುತ್ತಾರೆ. ಅಣ್ಣ ಅತ್ತಿದ್ದ. ಕಣ್ಣಿಗೆ ಕಸ ಬಿತ್ತು ಅಂದಿದ್ದ.

ಈಗ ಎರಡನೇ ಸೀಸನ್, ಮೊದಲ ಎಪಿಸೋಡ್. ಹಾಡು ಚೆನ್ನಾಗಿಲ್ಲ. ಯಂತ್ರಗಳನ್ನು ಕಂಪ್ಯೂಟರಿನಲ್ಲಿ ಮಾಡಿದ್ದಾರೆ — ಹೆಜ್ಜೆಗೆ ಭಾರವೇ ಇಲ್ಲ, ಥರ್ಮಾಕೋಲ್ ನಡೆದಂತೆ. ಮೊದಲರ್ಧ ಬರೀ ಮಾತು. ಆದರೆ ಕೊನೆ! ಕೈಟೋ ಮತ್ತೆ ಕಂಪನಿಗೆ ಸೇರಿದ್ದಾನೆ, ಹೊಸ ಯಂತ್ರ ಹತ್ತಿದ್ದಾನೆ. ಬಿರುಗಾಳಿಯಲ್ಲಿ ಊರಿನ ಬಂದರಿಗೆ ಬರುತ್ತಾನೆ. ಬಂದರಿನ ಗೇಟು ಕಾಯುವವಳು ಇಸಾನಾ. ಅವಳು ಗೇಟು ತೆಗೆಯುವುದಿಲ್ಲ. ಕೈ ಸನ್ನೆಕೋಲಿನ ಮೇಲೆ, ಮುಖದಲ್ಲಿ ಒಂದು ಗೆರೆ ಅಲುಗುವುದಿಲ್ಲ. ಕತ್ತಲು. ಮುಗಿಯಿತು.

ಎದ್ದು ನಿಂತು ಚಪ್ಪಾಳೆ ತಟ್ಟಿದೆ.

ಅಕ್ಟೋಬರ್ 10

ನನ್ನ ಪೇಜಿನಲ್ಲಿ ವಿಮರ್ಶೆ ಹಾಕಿದೆ. ಕಡೆಯ ಸಾಲು: "ಯಂತ್ರ ಹತ್ತಿದವನಿಗೆ ಮನೆಯಿಲ್ಲ. ಇಸಾನಾ ಮಾಡಿದ್ದೇ ಸರಿ." ಮಧ್ಯಾಹ್ನದೊಳಗೆ ಯಾರ್ಯಾರೋ ಶೇರ್ ಮಾಡಿದ್ದಾರೆ. ಖುಷಿ.

ಅಕ್ಟೋಬರ್ 14, ಮಂಗಳವಾರ

ಅಣ್ಣ ಮಧ್ಯಾಹ್ನ ಬಂದ. ಚೀಲದಲ್ಲಿ ಅಂಜಲ್ ಮೀನು. ಅಮ್ಮನ ಕೈಗೆ ಕೊಟ್ಟ, ನನ್ನ ಕಡೆ ನೋಡಲಿಲ್ಲ. ಮಿಂದು ಬಂದು ಪಕ್ಕದಲ್ಲಿ ಕೂತ. ಇಯರ್‌ಫೋನಿನ ಒಂದು ತುದಿ ನನಗೆ ಕೊಟ್ಟ.

"ಕಾಂಬನಾ?"

ನಾನು ನೋಡಿಲ್ಲದವಳಂತೆ ಕೂತೆ. ಹಾಡಿಗೆ ಮುಖ ಹಿಂಡಿದೆ. ಕೈಟೋ ಯಂತ್ರ ಹತ್ತಿದಾಗ "ಅಯ್ಯೋ" ಅಂದೆ. ಗೇಟು ಬಂತು. ಇಸಾನಾಳ ಕೈ ಸನ್ನೆಕೋಲಿಗೆ ಹೋಯಿತು. ಆಗ ಅವನು ಪರದೆಯಿಂದ ಕಣ್ಣು ತೆಗೆಯದೆ ಹೇಳಿದ —

"ಯಂತ್ರ ಹತ್ತಿದವನಿಗೆ ಮನೆಯಿಲ್ಲ."

ದಡ ಹತ್ತಿರ ಬಂದು ಮೊಬೈಲಿಗೆ ನೆಟ್‌ವರ್ಕ್ ಸಿಕ್ಕಾಗ ಎಲ್ಲಕ್ಕಿಂತ ಮೊದಲು ಬಂದದ್ದು ನನ್ನ ಪೋಸ್ಟಂತೆ. ನನ್ನ ಪೇಜಿನ ಮೊದಲ ಫಾಲೋವರ್ ಅವನು. ಮರೆತೇಬಿಟ್ಟಿದ್ದೆ.

"ಗೊತ್ತಿದ್ದೂ ಸುಮ್ನೆ ಕೂಕಂಡ್ಯಾ?"

"ನಿನ್ ನಾಟಕ ಲಾಯ್ಕ್ ಇದ್ದಿತ್ತ್. ಅರ್ಧಕ್ಕೇ ನಿಲ್ಸುಕೆ ಮನಸ್ ಬರ್ಲಿಲ್ಲೆ." ನಕ್ಕ. ಕಣ್ಣು ನಗಲಿಲ್ಲ.

ಆಗ ಪರದೆ ನೋಡಿದೆ. ಮೊದಲ ಸಲ ನೋಡಿದಾಗ ಈ ದೃಶ್ಯದಲ್ಲಿ ನಾನು ತಲೆ ತಗ್ಗಿಸಿ ವಿಮರ್ಶೆಗೆ ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ. ಗೇಟು ತೆರೆಯದಿದ್ದರೂ ಕೈಟೋ ಹಿಂದಿರುಗಿ ಹೋಗುವುದಿಲ್ಲ. ಯಂತ್ರವನ್ನು ತಿರುಗಿಸಿ ಗೇಟಿಗೆ ಬೆನ್ನು ಕೊಟ್ಟು ನಿಲ್ಲುತ್ತಾನೆ. ಬಂದರಿಗೆ ಬಡಿಯಬೇಕಾದ ಅಲೆಗಳೆಲ್ಲ ಅವನ ಮೈಮೇಲೆ.

ಅಣ್ಣ ಇಯರ್‌ಫೋನ್ ಸುತ್ತಿಟ್ಟ. "ಲೈಟ್ ಹಾಕುದ್ ಸರಿ ಅಂತ ನಾ ಯಾವತ್ತಾರೂ ಹೇಳಿದ್ನಾ? ನೀ ಕೇಂಡದ್ದೇ ಇಲ್ಲೆ."

ಕೇಳಿಲ್ಲ. ನಿಜ.

ಅಂಜಲ್ ತಿನ್ನಲಿಲ್ಲ. ಆದರೆ ಅವನ ಬಟ್ಟಲಿಗೆ ನಾನೇ ಬಡಿಸಿದೆ.

ಅಕ್ಟೋಬರ್ 15

ಬೆಳಿಗ್ಗೆ ಅಣ್ಣ ನನ್ನ ಮೇಜಿನಿಂದ ಕರಪತ್ರ ಎತ್ತಿಕೊಂಡು ಓದಿದ. ಎರಡು ಬದಿಯೂ.

"ಸಮ ಬರ್ದಿದ್ರ್. ಆರೆ ಬೋಟಲ್ಲಿ ಯಾರೂ ಓದುದಿಲ್ಲೆ. ಅಕ್ಷರ ಇರುವಿ ಕಂಡಂಗಿತ್ತ್. ದೊಡ್ದ್ ಮಾಡಿ ಕೊಡ್, ಬೋಟಲ್ಲಿ ಅಂಟ್ಸ್ತೆ."

"ಬೋಟ್ ಓಡ್ಸು ತಾಂಡೇಲ ಕಂಡ್ರೆ?"

"ಅವನಿಗೂ ಕನ್ನಡಕ ಬೇಡ, ಹಾಂಗ್ ದೊಡ್ದ್ ಮಾಡ್."

ಎ-ತ್ರೀ ಹಾಳೆಯಲ್ಲಿ ತೆಗೆದುಕೊಟ್ಟೆ. ಹೊಸ ಟೋನರ್, ಕಡುಗಪ್ಪು. ಹೊರಡುವಾಗ ಅಮ್ಮ ಕೇಳಿದಳು, "ಕಂಬ್ಳಿ ಎಲ್ಲಿತ್ತಾ? ತೊಳುಕಿತ್ತ್."

"ಅದ್ ಬೋಟಲ್ಲೇ. ಸೀಸನ್ ಮುಗ್ದ್ ಮೇಲೆ ತತ್ತೆ."

ನನ್ನ ಕಡೆ ತಿರುಗಿ, "ನಾಳೆ ಎರಡ್ನೇದ್ ಬತ್ತಿತ್. ಗೊತ್ತಿತ್ತಲ್ಲ?"

ಗೊತ್ತಿತ್ತು.

ಅಕ್ಟೋಬರ್ 16, ಗುರುವಾರ

ಎಪಿಸೋಡ್ ಬಂದಿದೆ. ಗ್ರೂಪ್ ಮ್ಯೂಟ್ ಮಾಡಿದೆ. ವಿಮರ್ಶೆಯ ಕಡೆಯ ಸಾಲು ಅಳಿಸಿದೆ. ಲೈಟ್ ಫಿಶಿಂಗ್ ತಪ್ಪು, ಇವತ್ತೂ ಅದನ್ನೇ ಹೇಳುತ್ತೇನೆ. ಆದರೆ ಆ ಸಾಲು ಅದನ್ನು ಹೇಳುತ್ತಿರಲಿಲ್ಲ.

ಅಕ್ಟೋಬರ್ 18, ಶನಿವಾರ. ಮಧ್ಯಾಹ್ನ

ಅಂಗಡಿ ಅರ್ಧ ದಿನ. ಗಾಳಿ ಜೋರು. ಅಮ್ಮ ಪೇಟೆಗೆ ಹೋಗಿದ್ದಾಳೆ, ಬಾಗಿಲಿಗೆ ಚಿಲಕ ಹಾಕಿ ಬರೆಯುತ್ತ ಕೂತಿದ್ದೇನೆ. ಬೋಟು ಬರಲು ಇನ್ನೂ ದಿನಗಳಿವೆ... ಅಷ್ಟು ದೊಡ್ಡ ಅಕ್ಷರ ಮಾಡಬಾರದಿತ್ತೇನೋ.

ಅಂಗಳದಲ್ಲಿ ಯಾರೋ.

ಅಣ್ಣ. ಕಿಟಕಿಯಿಂದ ಕಾಣುತ್ತಿದೆ. ಕೈಯಲ್ಲಿ ಮೀನಿನ ಚೀಲವಿಲ್ಲ. ಹೆಗಲ ಮೇಲೆ ಬೋಟಿನಲ್ಲಿರಬೇಕಾದ ಕಂಬಳಿ ಇದೆ. ದಿಂಬೂ ಇದೆ.

ಬಾಗಿಲು ಬಡಿಯುತ್ತಿಲ್ಲ. ಜಗಲಿಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕೂತ. ಈಗ ಕರೆಯುತ್ತಿದ್ದಾನೆ —

"ಹ್ವಾಯ್ ಹೆಣೆ... ಮೊಬೈಲಲ್ಲಿ ಚಾರ್ಜ್ ಇತ್ತಾ?"

ಚಿಲಕ ಇನ್ನೂ ಹಾಕಿಯೇ ಇದೆ. ಮೊದಲು ಅದನ್ನು ತೆಗೆದು —