ಅಂಗಡಿಯವರು ಅಂದೆಯಲ್ಲ

ವುಡ್‌ರಿಡ್ಜ್, ಇಲಿನಾಯ್
12 ಮಾರ್ಚ್ 2025, ಬುಧವಾರ

ಗುರುಸಿದ್ದಣ್ಣಾ,

ಆರಾಮ ಇದ್ದೀಯಾ? ಎಷ್ಟೇ ಸಿಟ್ಟಿದ್ದರೂ ಮೊದಲು ಇದನ್ನು ಕೇಳಬೇಕು ಅಂತ ಅವ್ವ ಕಲಿಸಿದ್ದಾಳೆ, ಅದಕ್ಕೆ ಕೇಳಿದೆ. ಅಲ್ಲಿನ ಸೆಕೆಗೆ ನಿನ್ನ ಕುತ್ತಿಗೆ ಮೇಲೆ ಎದ್ದಿದ್ದ ಬೆವರುಸಾಲೆ ಕಡಿಮೆಯಾಯಿತೇ? ಇಲ್ಲಿ ಅವ್ವ ಮೊಣಕಾಲಿನ ಆಪರೇಷನ್ ಆದಮೇಲೆ ಪಟಪಟ ಅಂತ ಮೆಟ್ಟಿಲು ಹತ್ತುತ್ತಾಳೆ. ಚೇತನಕ್ಕ, ಮಾಮಾ ಚೆನ್ನಾಗಿದ್ದಾರೆ. ನಾನು ಟ್ರಕ್ ತಗೊಂಡು ಡೆಟ್ರಾಯಿಟ್‌ಗೆ ಹೋಗೋದು, ಬರೋದು, ಅಷ್ಟೇ. ನೀನು ನನ್ನ ಫೋನ್ ಎತ್ತುವುದಿಲ್ಲ. ಎತ್ತಿದರೂ ಸಿಂಗಾಪುರದ ಮಾತು ತೆಗೆದ ಕೂಡಲೇ ಕಟ್ ಮಾಡುತ್ತೀಯ. ಕಾಗದ ಕಟ್ ಮಾಡಲು ಬರುವುದಿಲ್ಲ. ಹತ್ತನೇ ಕ್ಲಾಸಿನ ಕನ್ನಡ ಪೇಪರ್ ಆದಮೇಲೆ ನಾನು ಇಷ್ಟು ಉದ್ದ ಬರೆಯುತ್ತಿರುವುದು ಇದೇ ಮೊದಲು. ಪೂರ್ತಿ ಓದು.

ನನಗೆ ಸಿಕ್ಕಿದ್ದು ಒಂದು ವಾರದ ರಜೆ. ಜೊತೆಯ ಡ್ರೈವರುಗಳೆಲ್ಲ ಫ್ಲೋರಿಡಾಗೆ ಹೋಗಿ ಬಿಸಿಲಲ್ಲಿ ಬಿದ್ದುಕೊಂಡರು. ನಾನು ಅಣ್ಣನನ್ನು ನೋಡಬೇಕು ಅಂತ ಅರ್ಧ ಭೂಮಿ ದಾಟಿ ಸಿಂಗಾಪುರಕ್ಕೆ ಬಂದೆ. ನೀನು ನನ್ನನ್ನು ಟೂರಿಸ್ಟ್ ಮಾಡಿಬಿಟ್ಟೆ. ಬಂದಿಳಿದವನನ್ನು ಸೀದಾ ಹೋಟೆಲಿಗೆ ಹಾಕಿ, 'ನನ್ನ ರೂಮಿನ್ಯಾಗ ನಾಕು ಮಂದಿ ಅದೇವಿ ತಮ್ಮಾ, ಜಾಗ ಇಲ್ಲ' ಅಂದೆ. ನಂಬಿದೆ. ಬೆಳಿಗ್ಗೆ ಸಿಂಹದ ಬಾಯಿಂದ ನೀರು ಬೀಳುವ ಕಡೆ ನಿಲ್ಲಿಸಿ ಫೋಟೋ, ಸಂಜೆ ದೀಪದ ಮರಗಳ ಕೆಳಗೆ ನಿಲ್ಲಿಸಿ ಫೋಟೋ. ಒಂದು ಬೀದಿಯಲ್ಲಿ ಕೃಷ್ಣನ ಗುಡಿ, ಅದರ ಪಕ್ಕದಲ್ಲೇ ಚೀನಿಯರ ಗುಡಿ. ಆ ಗುಡಿಗೆ ಬಂದ ಚೀನಿ ಮುದುಕಿಯರು ಹಾಗೇ ನಮ್ಮ ಕೃಷ್ಣನಿಗೂ ಊದುಬತ್ತಿ ಹಚ್ಚಿ ಹೋಗುತ್ತಿದ್ದರು. ನೀನು ಆ ಊರನ್ನು ನೀನೇ ಕಟ್ಟಿಸಿದ ಹಾಗೆ ಎದೆ ಉಬ್ಬಿಸಿ, 'ಇಲ್ಲಿ ಯಾರೂ ಯಾರ್ನೂ ನೀ ಯಾವ ಪೈಕಿ ಅಂತ ಕೇಳಂಗಿಲ್ಲ ನೋಡು' ಅಂದೆ. ನಾಲ್ಕು ಭಾಷೆಯಲ್ಲಿ ಕೂಗಿ ಹೇಳುವ ರೈಲು ತೋರಿಸಿದೆ. ಇರುವ ಒಬ್ಬ ತಮ್ಮನಿಗೆ ನಮ್ಮ ಭಾಷೆಯಲ್ಲಿ ಹೇಳಬೇಕಾಗಿದ್ದನ್ನು ಮಾತ್ರ ಹೇಳಲಿಲ್ಲ.

ಕೊನೆಯ ದಿನ ಊಟಕ್ಕೆ ಕರೆದುಕೊಂಡು ಹೋದೆ. ಫ್ಯಾನು ತಿರುಗುವ ದೊಡ್ಡ ಮಾಡಿನ ಕೆಳಗೆ ಸಾಲಾಗಿ ಊಟದ ಅಂಗಡಿಗಳು, ಮೂಲೆಯಲ್ಲಿ ಮಾಂಸ ಮುಟ್ಟದ ಚೀನಿಯರ ಅಂಗಡಿ. ಅಲ್ಲಿದ್ದ ಹೆಂಗಸು ನನ್ನನ್ನು ನೋಡಿದ್ದೇ ಕೈ ಒರೆಸಿಕೊಂಡು ಓಡಿಬಂದರು. ನೂಡಲ್ಸ್ ಬಡಿಸಿ ಪಕ್ಕದಲ್ಲಿ ಒಂದು ಬಟ್ಟಲು ಇಟ್ಟರು. ಶೇಂಗಾ ಹಿಂಡಿ, ಅದೇ ನಮ್ಮ ಚಟ್ನಿಪುಡಿ. ಬೆಳ್ಳುಳ್ಳಿ ಸಿಪ್ಪೆ ಸಮೇತ, ಎಣ್ಣೆ ಬಿಡುವ ತನಕ ಕುಟ್ಟಿದ್ದು, ಥೇಟ್ ಅವ್ವನ ಕೈಯಿಂದ ಬಂದದ್ದು. ಚೇತನಕ್ಕನಿಗೂ ಆ ಹದ ಬರುವುದಿಲ್ಲ. ಇದನ್ನು ಯಾರು ಕಲಿಸಿದರು ಅಂತ ಇಂಗ್ಲಿಷಿನಲ್ಲಿ ಕೇಳಿದೆ. ಅವರು ನಕ್ಕು ನಿನ್ನ ಕಡೆ ಬೆರಳು ತೋರಿಸಿದರು. ಅಮ್ಮನ ಮೊಣಕಾಲು ಹೇಗಿದೆ, ನೋವು ನಿಂತಿತೇ ಅಂತ ವಿಚಾರಿಸಿದರು. ನಾನು ನಿನ್ನ ಮುಖ ನೋಡಿದೆ. ನೀನು ಫೋನ್ ನೋಡುತ್ತಾ, 'ಅಂಗಡಿಯವರು. ಪರಿಚಯ ಅದಾರ' ಅಂದೆ.

ಅವರಿಗೆ ಕನ್ನಡ ಬರುವುದಿಲ್ಲ, ಆದರೆ ನೀನು ಹೇಳಿದ ರೀತಿ ತಿಳಿಯಿತು. ಸ್ವಚ್ಛವಾಗಿದ್ದ ಟೇಬಲನ್ನೇ ಮತ್ತೆ ಒರೆಸಿ ಒಳಗೆ ಹೋದರು. ವಾಪಸ್ ಬರುವಾಗ ಟ್ಯಾಕ್ಸಿಯಲ್ಲಿ ನಾನು ಕಾಲರ್ ಹಿಡಿದ ಮೇಲೆ ಬಾಯಿ ಬಿಟ್ಟೆ: ಹೆಸರು ಸ್ಯೂ ಹ್ವಾ, ಮದುವೆ ರಿಜಿಸ್ಟರ್ ಆಗಿ ಎರಡು ವರ್ಷ, ಮನೆ ಆ ಅಂಗಡಿಯ ಹಿಂದಿನ ಬಿಲ್ಡಿಂಗಿನಲ್ಲೇ. 'ಅವ್ವಗ ಹೇಳಬ್ಯಾಡ, ಎದಿ ಒಡ್ಕೋತಾಳ' ಅಂತ ನನ್ನಿಂದ ಆಣೆ ಹಾಕಿಸಿಕೊಂಡೆ. ನನ್ನ ವೈನಿ ಅಷ್ಟೂ ದಿನ ಅದೇ ಊರಿನಲ್ಲಿ ಮೈದುನನಿಗಾಗಿ ಹಿಂಡಿ ಕುಟ್ಟಿಕೊಂಡು ಕಾಯುತ್ತಿದ್ದರು, ನೀನು ನನಗೆ ಸಿಂಹ ತೋರಿಸುತ್ತಿದ್ದೆ! ನಾಚಿಕೆ ಆಗಲಿಲ್ಲವೇನೋ? ಅವರು ಚೀನಿ ಅಂತ ನನಗೆ ಸಿಟ್ಟಿಲ್ಲ. ನೀನು ಹೇಡಿ ಅಂತ ಸಿಟ್ಟು.

ಆಣೆ ಅಂತ ಬಾಯಿ ಮುಚ್ಚಿಕೊಂಡಿದ್ದೆ. ಇಲ್ಲಿ ನೋಡಿದರೆ ಅವ್ವ ನಿನಗೆ ಹೆಣ್ಣು ಗೊತ್ತು ಮಾಡುತ್ತಿದ್ದಾಳೆ. ಗ್ಲೆಂಡೇಲ್ ಹೈಟ್ಸ್‌ನ ಶಾಂತವ್ವ ಆಂಟಿಯ ತಂಗಿ ಮಗಳು ಇಂಚರ. ನಿನಗೆ ಫೋನಿನಲ್ಲಿ ಹೇಳಿದಾಗ 'ನೋಡೋಣು' ಅಂದೆಯಂತೆ. ಏನು ನೋಡುತ್ತೀಯ? ಹೋದ ಭಾನುವಾರ ಅವರೆಲ್ಲ ಬಂದಿದ್ದರು. ಆ ಹುಡುಗಿ ಸಂಕೋಚವಿಲ್ಲದೆ ನನ್ನನ್ನೇ ಕೇಳಿದಳು, 'ನೀವು ಈಗ ತಾನೇ ನೋಡಿ ಬಂದೀರಿ. ನಿಮ್ಮಣ್ಣ ಎಂಥಾ ಮನುಷ್ಯಾ?' ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನಾನು ಎದ್ದು ಗ್ಯಾರೇಜಿಗೆ ಹೋಗಿ ನಿಂತೆ. ನೀನು ಇಬ್ಬರು ಹೆಣ್ಣುಮಕ್ಕಳನ್ನು ಕಾಯಿಸಿ ಆಟ ಆಡುತ್ತಿದ್ದೀಯ, ಅದರಲ್ಲಿ ನನ್ನನ್ನೂ ಸೇರಿಸಿಕೊಂಡಿದ್ದೀಯ.

ಇನ್ನು ಬರೆದರೆ ಬೈಗುಳ ಬರುತ್ತದೆ. ಅಕ್ಕ, ಮಾಮಾ ನಿನ್ನನ್ನು ಕೇಳಿದ್ದಾರೆ. ವೈನಿಯ ಪಾದಕ್ಕೆ ನನ್ನ ನಮಸ್ಕಾರ ತಿಳಿಸು. ನಿನಗೆ ಸದ್ಯಕ್ಕೆ ಇಲ್ಲ.

ನಿನ್ನ ತಮ್ಮ,
ಕಲ್ಮೇಶ್

ಮರೆತಿದ್ದೆ: ಆವತ್ತು ಅವ್ವ ನನ್ನ ಹಿಂದೆಯೇ ಗ್ಯಾರೇಜಿಗೆ ಬಂದಳು. ಆಣೆ ಮುರಿದೆ, ಎಲ್ಲ ಹೇಳಿದೆ. ಎದೆ ಒಡೆದುಕೊಳ್ಳಲಿಲ್ಲ. ಒಳಗೆ ಹೋಗಿ ಶಾಂತವ್ವ ಆಂಟಿಯ ಕೈ ಹಿಡಿದು ತಪ್ಪಾಯಿತು ಅಂದಳು. ನಿನ್ನೆ ಅಂದಳು: 'ಅವನ ಮ್ಯಾಲಿನ ಸಿಟ್ಟು ಅವನ ಕಡೆನ ತೀರಿಸ್ಕೋತೀನಿ. ಮನಿ ಸೊಸಿನ್ನ ಅಂಗಡಿಯಾಕಿ ಅಂದಾನಲ್ಲ, ಅದು ನಂಗ ತಡಕೊಳ್ಳಾಕ ಆಗವಲ್ದು.' ಅಕ್ಕ ಟಿಕೆಟ್ ತೆಗೆದಿದ್ದಾಳೆ. ಏಪ್ರಿಲ್ ಆರಕ್ಕೆ ಅವ್ವ, ನಾನು ಅಲ್ಲಿ ಇಳಿಯುತ್ತೇವೆ. ಏರ್‌ಪೋರ್ಟಿನಲ್ಲಿ ನೀನೊಬ್ಬನೇ ನಿಂತಿದ್ದರೆ ಅವ್ವ ಹಾಗೇ ವಾಪಸ್ ವಿಮಾನ ಹತ್ತುತ್ತಾಳಂತೆ. ವೈನಿ ಒಬ್ಬರೇ ಬಂದರೆ ನಡೆಯುತ್ತದಂತೆ.