ನೀನು ಉಗುಳದ ಗುಟುಕು

ಚಿಕ್ಕಪ್ಪನಿಗೆ,

ಎರಡು ಗಂಟೆ ನಲವತ್ತು ನಿಮಿಷ. ನನ್ನನ್ನು ಎಬ್ಬಿಸಿದ್ದು ಫ್ರಿಜ್ಜು. ಅದು ಗುರ್ ಎನ್ನುತ್ತಿದ್ದಾಗ ಹೇಗೋ ನಿದ್ದೆ ಹತ್ತಿತ್ತು, ಗುರ್ ನಿಲ್ಲಿಸಿ ಒಮ್ಮೆ ಮೈ ಕೊಡವಿದ ಸದ್ದಿಗೆ ಎಚ್ಚರವಾಯಿತು. ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ. ಉಸಿರು ಬೆಚ್ಚಗಿತ್ತು. ನಂಬಿಕೆ ಬರದೆ ಮತ್ತೆ ಇಟ್ಟೆ. ಮೂರನೇ ಸಲ ಇಟ್ಟಾಗ ಅವಳೇ ಬೇಜಾರಾಗಿ ಮುಖ ಆ ಕಡೆ ತಿರುಗಿಸಿದಳು. ಈಗ ಅಡುಗೆಮನೆಯ ಮೇಜಿನ ಮುಂದೆ ಕೂತು ನಿನಗೆ ಬರೆಯುತ್ತಿದ್ದೇನೆ. ಮೇಲೆ ‘ಪೂಜ್ಯ’ ಅಂತ ಸೇರಿಸಲು ಹೋದೆ, ಕೈ ಬರಲಿಲ್ಲ.

ಇವತ್ತು ಹತ್ತು ಗಂಟೆಗೆ ನಮ್ಮ ಹರಾಜು ಮನೆಯಲ್ಲಿ ಆ ನಲವತ್ತು ವರ್ಷದ ಸಿಂಗಲ್ ಮಾಲ್ಟ್ ಸ್ಕಾಚ್ ಬಾಟಲಿ ಮಾರಾಟಕ್ಕೆ ಬರುತ್ತದೆ. ಅದರ ಕುತ್ತಿಗೆಗೆ ಕಟ್ಟಿರುವ ಚೀಟಿಯಲ್ಲಿ ‘ಒಳಗಿರುವುದು ಅಸಲಿ, ಮೂಸಿ ರುಚಿ ನೋಡಿ ಹೇಳುತ್ತಿದ್ದೇವೆ’ ಎಂದಿದೆ. ಕೆಳಗೆ ನಿನ್ನ ಸಹಿ, ಪಕ್ಕದಲ್ಲಿ ನನ್ನದು. ಒಳಗಿರುವುದು ಅಸಲಿ ಅಲ್ಲ. ಅದು ನಿನಗೆ ಗೊತ್ತಿತ್ತು. ನನಗೂ ಗೊತ್ತಾಗಿತ್ತು ಚಿಕ್ಕಪ್ಪ. ಗೊತ್ತಾದದ್ದನ್ನು ನೀನು ನನ್ನಿಂದ ಕಿತ್ತುಕೊಂಡೆ.

ಅಪ್ಪ ಹೋದಾಗ ನನಗೆ ಒಂಬತ್ತು. ನಿಮ್ಮ ಮನೆಗೆ ಬಂದ ಮೊದಲ ವಾರ ನಾನು ಯಾರ ಜತೆಗೂ ತುಟಿ ಬಿಚ್ಚಲಿಲ್ಲ. ಆಗ ನೀನು ನನ್ನ ಕಣ್ಣಿಗೆ ಟವೆಲ್ಲು ಕಟ್ಟಿ, ಮೂಗಿನ ಮುಂದೆ ಒಂದೊಂದೇ ಸಾಮಾನು ಹಿಡಿದೆ. ಒದ್ದೆ ಪೇಪರು, ಪೆನ್ಸಿಲ್ ಹೆರೆದ ಚೂರು, ಕೊನೆಗೆ ನಿನ್ನ ಷೂ. ಷೂ ಬಂದಾಗ “ಥೂ” ಅಂದುಬಿಟ್ಟೆ. “ಲೇ, ಬಾರೇ ಇಲ್ಲಿ, ಹುಡುಗಿಗೆ ಬಾಯಿ ಬಂತು!” ಅಂತ ಚಿಕ್ಕಮ್ಮನನ್ನು ಕೂಗಿ ಕರೆದೆ. ಅವತ್ತಿನಿಂದ ನಾನು ನಿನಗೆ ‘ಇರುವೆ’. ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದದ್ದು ನಿಜವಾದ ಇರುವೆಗಳಿಗಿಂತ ಮುಂಚೆ ನನಗೆ ತಿಳಿಯುತ್ತದೆ ಅಂತ ಬಂದವರಿಗೆಲ್ಲ ಹೇಳುತ್ತಿದ್ದೆ. ಕಾಲೇಜು ಮುಗಿಸಿ ನಿನ್ನ ಕೈಕೆಳಗೇ ಕೆಲಸಕ್ಕೆ ಸೇರಿದೆ. ಆಫೀಸಿನಲ್ಲಿ ‘ಸರ್’, ಲಿಫ್ಟಿನಲ್ಲಿ ‘ಚಿಕ್ಕಪ್ಪ’. ನೀನು ಹೇಳಿಕೊಟ್ಟ ಮೊದಲ ಪಾಠ: “ಮೊದ್ಲು ಬರಿ, ಆಮೇಲೆ ಬಾಯಿ ಬಿಡು. ಇನ್ನೊಬ್ಬರ ಮಾತು ಕಿವಿಗೆ ಬಿದ್ರೆ ಮೂಗು ಸತ್ತ ಹಾಗೆ.” ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕೂತು, ಮೂಸಿ, ಪೆನ್ಸಿಲಿನಲ್ಲಿ ಬರೆದು, ಆಮೇಲಷ್ಟೇ ಕಾಗದ ಅದಲುಬದಲು ಮಾಡಿಕೊಳ್ಳುವುದು. ಏಳು ವರ್ಷ ಹಾಗೇ ನಡೆಯಿತು.

ಆ ಬಾಟಲಿ ಬಂದಾಗ ನನಗೆ ಏಳು ತಿಂಗಳು ತುಂಬಿತ್ತು. ತಂದವರು ನಿವೃತ್ತ ದಾದಿ. ಅವರ ಗಂಡ ಹಡಗಿನ ಎಂಜಿನಿಯರ್. ಯಾವುದಾದರೂ ಒಳ್ಳೆಯ ದಿನ ತೆರೆಯೋಣ ಅಂತ ಎತ್ತಿಟ್ಟುಕೊಂಡು, ಯಾವ ದಿನವೂ ಅದಕ್ಕೆ ತಕ್ಕಷ್ಟು ಒಳ್ಳೆಯದಾಗಿ ಕಾಣದೆ, ಹಾಗೇ ತೀರಿಹೋಗಿದ್ದರು. ಮೊಹರು ಕೆಡದಂತೆ, ಬಿರಡೆಯೊಳಗೆ ಕೂದಲೆಳೆಯಂಥ ಸೂಜಿ ಇಳಿಸಿ ನೀನು ಎರಡು ಚಮಚ ಎಳೆದೆ, ಎರಡು ಗ್ಲಾಸಿಗೆ ಬಿಟ್ಟೆ. ಬಸುರಿ ಬಾಯಿಗಿಡುವಂತಿಲ್ಲ, ನಾನು ಮೂಸಿದ್ದಷ್ಟೇ.

ಅದನ್ನು ಹೇಗೆ ಮರೆಯಲಿ? ಮೊದಲು ಏನೂ ಬರಲಿಲ್ಲ. ದೊಡ್ಡ ಮನೆಯ ಬಾಗಿಲು ತಟ್ಟಿ ಕಾಯುವ ಹಾಗೆ ಕಾಯಬೇಕಾಯಿತು. ಆಮೇಲೆ ನಿಧಾನವಾಗಿ ಒಣದ್ರಾಕ್ಷಿ, ಅದರ ಹಿಂದೆ ಅಕ್ರೋಟಿನ ಒಳಸಿಪ್ಪೆ, ಮೇಣ ತಿಕ್ಕಿದ ಹಳೆಯ ಮೇಜಿನ ಡ್ರಾಯರು, ಎಲ್ಲೋ ದೂರದಲ್ಲಿ ಯಾರೋ ಒಲೆ ಆರಿಸಿ ಹೋದ ಹೊಗೆ. ನೀನು ಒಂದು ಹನಿ ನೀರು ಬಿಟ್ಟೆ. ಮಡಿಸಿಟ್ಟ ರೇಷ್ಮೆ ಬಿಚ್ಚಿದಂತೆ ಮತ್ತಷ್ಟು ಹರಡಿತು. ಪೀಪಾಯಿಯ ಮರವೂ ಮದ್ಯವೂ ನಲವತ್ತು ವರ್ಷ ಒಂದೇ ಕೋಣೆಯಲ್ಲಿ ಸಂಸಾರ ಮಾಡಿ, ಯಾವ ಗುಣ ಯಾರದೆಂದು ಇಬ್ಬರೂ ಮರೆತಿದ್ದರು. ಹೊರಗೆ ಕುರ್ಚಿಯಲ್ಲಿ ಕಾಯುತ್ತಿದ್ದ ದಾದಿ ನನ್ನ ಕೈ ಹಿಡಿದು, “ನಮ್ಮವರು ಒಂದಿನಾನೂ ಮೂಸಲಿಲ್ಲಮ್ಮ. ಹೇಗಿದೆ ಅಂತ ನಂಗೊಂದು ಚೀಟೀಲಿ ಬರೆದುಕೊಡ್ತೀಯಾ?” ಅಂದರು. ಬರೆದುಕೊಟ್ಟೆ. ಎರಡು ಸಲ ಓದಿ ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡರು.

ಅವತ್ತು ಇನ್ನೊಂದನ್ನೂ ನೋಡಿದೆ. ಮೂವತ್ತೈದು ವರ್ಷದಿಂದ ನೀನು ಬಾಯಿಗೆ ತೆಗೆದುಕೊಂಡದ್ದನ್ನೆಲ್ಲ ಪಾತ್ರೆಗೆ ಉಗುಳಿದವನು. “ನುಂಗೋನು ಮಧ್ಯಾಹ್ನಕ್ಕೆ ಕವಿ ಆಗ್ತಾನೆ, ಸಂಜೆಗೆ ಕೆಲಸ ಕಳ್ಕೋತಾನೆ” ಅಂತ ಹೊಸಬರನ್ನು ಹೆದರಿಸುತ್ತಿದ್ದವನು. ಅವತ್ತು ನಿನ್ನ ಗಂಟಲ ಗಂಟು ಮೇಲೆ ಹೋಗಿ ಕೆಳಗಿಳಿಯಿತು. “ಸಿಕ್ಕಿಬಿದ್ರಿ ಸರ್!” ಅಂದೆ. ನೀನು ನಗಲಿಲ್ಲ. ಕಣ್ಣಲ್ಲಿ ನೀರಿತ್ತು. “ಇಂಥದ್ದನ್ನ ಉಗಿಯೋದು ಪಾಪ ಕಣೇ ಇರುವೆ” ಅಂದೆ. ಕೆಲಸದ ಮೇಲೆ ನಿನಗಿರುವ ಪ್ರೀತಿ ಅದು ಎಂದುಕೊಂಡು ಮನೆಗೆ ಬಂದು ಇವರ ಹತ್ತಿರ ಹೊಗಳಿದ್ದೆ.

ಮಾರುವ ಮುಂಚೆ ಇನ್ನೊಮ್ಮೆ ನೋಡಬೇಕೆನ್ನುವುದು ನಿಯಮ, ಬಿರಡೆ ಒಣಗಿ ಗಾಳಿ ಹೊಕ್ಕಿರಬಹುದು ಅಂತ. ಹತ್ತೊಂಬತ್ತು ದಿನದ ಹಿಂದೆ, ಮಗುವಿಗೆ ಮೂರು ತಿಂಗಳು ತುಂಬಿದ ವಾರ, “ರಜೆಯಲ್ಲಿದ್ರೂ ಒಂದು ಗಂಟೆ ಬಂದು ಹೋಗು” ಅಂತ ನೀನೇ ಕರೆಸಿದೆ. ಗ್ಲಾಸು ಮೂಗಿಗೆ ಹಿಡಿದೆ. ತಟ್ಟಿ ಕಾಯುವ ಮಾತೇ ಇರಲಿಲ್ಲ, ಬಾಗಿಲು ತೆರೆದೇ ಇತ್ತು. ಒಣದ್ರಾಕ್ಷಿ ಇದ್ದದ್ದು ನಿಜ, ಅದರ ಕೆಳಗೆ ಹಸಿ ಧಾನ್ಯ, ಹಸಿರು ಸೇಬಿನ ಸಿಪ್ಪೆ. ನೀರಿನ ಹನಿ ಬಿದ್ದದ್ದೇ ತಡ, ಎಲ್ಲ ಕುಸಿಯಿತು. ಬಾಯಿಗಿಟ್ಟರೆ ನಾಲಿಗೆಯ ತುದಿ ಚುರ್ ಎಂದಿತು, ಅಷ್ಟೇ. ಒಸಡಿಗೆ ಮರದ ಒಗರು ಏರಲೇ ಇಲ್ಲ. ಉಗುಳಿ, ‘ಹೆಚ್ಚೆಂದರೆ ಹನ್ನೆರಡು ವರ್ಷ’ ಎಂದು ಬರೆದೆ. ತಿರುಗಿದರೆ ನೀನು ಬೆನ್ನು ಹಾಕಿ ಕೂತಿರಲಿಲ್ಲ. ನನ್ನ ಭುಜದ ಮೇಲಿಂದ ಓದುತ್ತಿದ್ದೆ.

“ಅಯ್ಯೋ ಹುಚ್ಚು ಹುಡುಗಿ,” ಅಂದೆ. “ಬಾಣಂತಿ ಮೂಗನ್ನ ಒಂದು ವರ್ಷ ನಂಬೋ ಹಾಗಿಲ್ಲ. ಅದರ ಮೇಲೆ ನಿದ್ದೆ ಬೇರೆ ಇಲ್ಲ ನಿಂಗೆ. ಲೋಕವೆಲ್ಲಾ ಹಾಲಿನ ವಾಸನೇನೇ ಈಗ.” ತಲೆ ಸವರಿದೆ. ರಬ್ಬರನ್ನೂ ನೀನೇ ಎತ್ತಿಕೊಟ್ಟೆ. ನಾನು ಅಳಿಸಿ, ನೀನು ಹೇಳಿದ್ದನ್ನು ಬರೆದು, ಸಹಿ ಹಾಕಿದೆ. “ಥ್ಯಾಂಕ್ಸ್ ಚಿಕ್ಕಪ್ಪ” ಅಂತಲೂ ಅಂದೆ. ಆ ಥ್ಯಾಂಕ್ಸ್ ನೆನೆದರೆ ಮೈಯೆಲ್ಲ ಉರಿಯುತ್ತದೆ.

ಆಮೇಲೆ ಏನಾಯಿತೆಂದು ನಿನಗೆ ಗೊತ್ತಿಲ್ಲ. ನಾನು ನನ್ನ ಮೂಗನ್ನು ನಂಬುವುದು ಬಿಟ್ಟೆ. ಚೆನ್ನಾಗಿದ್ದ ಹಾಲನ್ನು ಸಿಂಕಿಗೆ ಸುರಿದೆ. ಗ್ಯಾಸಿನ ನಾಬು ತಿರುಗಿಸಿ ನೋಡಲು ರಾತ್ರಿ ನಾಲ್ಕು ಸಲ ಎದ್ದೆ. ಒಂಬತ್ತು ದಿನದ ಹಿಂದೆ ಒಂದು ಸಂಜೆ ಏನೋ ಸುಟ್ಟ ವಾಸನೆ ಬಂತು. ಪ್ಲಾಸ್ಟಿಕ್ಕು, ಸ್ಪಷ್ಟವಾಗಿ. ಎದ್ದು ನಿಂತೆ ಕೂಡ. ಆಗ ನಿನ್ನ ಮಾತು ನೆನಪಾಯಿತು. ಬಾಣಂತಿ ಮೂಗು, ನಂಬೋ ಹಾಗಿಲ್ಲ, ಎಂದುಕೊಂಡು ಮತ್ತೆ ಕೂತು ಬಟ್ಟೆ ಮಡಿಸಿದೆ. ಇವರು ಕೆಲಸದಿಂದ ಬಂದವರು ಷೂ ಕೂಡ ಬಿಚ್ಚದೆ ಒಳಗೆ ಓಡಿದರು. ಹಾಲು ಬೆಚ್ಚಗಿಡುವ ಯಂತ್ರದ ಪ್ಲಗ್ಗು ಕರಗಿ ಗೋಡೆಗೆ ಅಂಟಿತ್ತು. ಅಲ್ಲಿಂದ ತೊಟ್ಟಿಲ ಪರದೆಗೆ ಒಂದು ಗೇಣು. “ನಿನಗೆ ವಾಸನೆ ಬರಲಿಲ್ವಾ?” ಅಂದರು.

ನಿನ್ನೆ ಸಂಜೆ ನಮ್ಮ ಆಫೀಸಿನ ಉಗ್ರಾಣದ ಅಕ್ಕ ಮಗು ನೋಡಲು ಬಂದಿದ್ದರು. ಕಾಲುಚೀಲ ತೊಡಿಸುತ್ತ, ನಗುನಗುತ್ತ ಅಂದರು: “ನಿಮ್ಮ ಚಿಕ್ಕಪ್ಪನಿಗೆ ಏನಾಗಿದೆ ಮಾರಾಯ್ತಿ? ಈ ನಾಲ್ಕು ತಿಂಗಳಲ್ಲಿ ನನ್ನ ಹತ್ರ ಸೂಜಿ ಮೇಲೆ ಸೂಜಿ ಇಸ್ಕೊಂಡ್ರು. ಆ ಹನ್ನೆರಡು ವರ್ಷದ್ದು ಒಂದು ಪೂರಾ ಬಾಟ್ಲಿ ಬೇರೆ. ‘ಏನ್ ಸರ್, ಡಾಕ್ಟ್ರಾಗಿಬಿಟ್ರಾ?’ ಅಂದೆ. ‘ನಮ್ಮ ಹುಡುಗಿ ರಜೆ ಮುಗಿಸಿ ಬಂದಾಗ ಅವಳ ಮೂಗಿಗೆ ಪರೀಕ್ಷೆ ಕೊಡಬೇಕಲ್ಲ’ ಅಂದ್ರು. ಪಾಸಾದ್ಯಾ ನೀನು?”

ಪಾಸಾಗಿದ್ದೆ ಚಿಕ್ಕಪ್ಪ. ಅಕ್ಕನ ಎದುರು ನಕ್ಕು ಟೀ ಕೊಟ್ಟು ಕಳಿಸಿದೆ. ಬಾಗಿಲು ಹಾಕಿದ ಮೇಲೆ ಒಂದೊಂದನ್ನೇ ಕೂಡಿಸಿ ನೋಡಿದೆ. ಹಳೆಯದನ್ನು ಸೂಜಿಯಲ್ಲಿ ಚೂರುಚೂರೇ ಎಳೆದು ಕುಡಿದಿದ್ದೀಯ, ಕುಡಿದಷ್ಟೂ ಹೊಸದನ್ನು ಅದೇ ತೂತಿನಿಂದ ತುಂಬಿದ್ದೀಯ. ಮೊಹರು ಹಾಗೇ ಇದೆ, ಮಟ್ಟ ಹಾಗೇ ಇದೆ. ಕಂಡುಹಿಡಿಯಬಲ್ಲ ಮೂಗು ಊರಲ್ಲಿ ಇದ್ದದ್ದೇ ಎರಡು. ಒಂದು ನಿನ್ನದು. ಇನ್ನೊಂದನ್ನು ಕೆಡಿಸಲು ಏನು ಹೇಳಬೇಕು ಎಂದು ನಿನಗೆ ಚೆನ್ನಾಗಿ ಗೊತ್ತಿತ್ತು, ಅದನ್ನು ಬೆಳೆಸಿದವನೇ ನೀನು.

ಕುಡಿದದ್ದಕ್ಕೆ ನಾನು ಇಷ್ಟು ಸಂಕಟಪಡುತ್ತಿಲ್ಲ. ಮೂವತ್ತೈದು ವರ್ಷ ಉಗುಳಿದವನು ಒಂದು ಸಲ ಸೋತ, ಅದು ಅರ್ಥವಾಗುತ್ತದೆ. ನನ್ನ ಹತ್ತಿರ ಬಂದು “ತಪ್ಪಾಯ್ತು ಕಣೇ” ಅಂದಿದ್ದರೆ ಬೈದು, ಅತ್ತು, ನಿನ್ನ ಜತೆಗೇ ಹರಾಜು ಮನೆಯ ಯಜಮಾನರ ಕೋಣೆಗೆ ಬರುತ್ತಿದ್ದೆ. ನೀನು ಹಾಗೆ ಮಾಡಲಿಲ್ಲ. ನಿದ್ದೆಗೆಟ್ಟ, ಮಗು ಉಸಿರಾಡುತ್ತಿದೆಯೋ ಇಲ್ಲವೋ ಎಂದು ಗಳಿಗೆಗೊಮ್ಮೆ ಮುಟ್ಟಿ ನೋಡುವ ಹೆಂಗಸನ್ನು ಕರೆಸಿ, ಅವಳಿಗೆ ಉಳಿದಿದ್ದ ಒಂದೇ ಒಂದು ಧೈರ್ಯದ ಮೇಲೆ ಕೈಯಿಟ್ಟೆ.

ನಾನಾಗಿ ಫೋನ್ ಮಾಡುವುದಿಲ್ಲ. ನಾನು ಕೇಳಿದ್ದಕ್ಕೆಲ್ಲ ನೀನು ಆ ದನಿಯಲ್ಲಿ ಒಂದೊಂದು ಉತ್ತರ ಕೊಟ್ಟರೆ ಮತ್ತೆ ನಂಬಿಬಿಡುತ್ತೇನೆ, ನನಗೆ ನನ್ನದೇ ಭಯ. ಅದಕ್ಕೇ ಈ ಕಾಗದ. ಇವರು ಈಗಲೇ ಸೈಕಲ್ಲಿನಲ್ಲಿ ತಂದು ನಿನ್ನ ಬಾಗಿಲ ಕೆಳಗೆ ತೂರಿಸಿ, ಕರೆಗಂಟೆ ಒತ್ತಿ ಬರುತ್ತಾರೆ. ಎಂಟು ಗಂಟೆಗೆ ನಾನು ಯಜಮಾನರಿಗೆ ಎಲ್ಲವನ್ನೂ ಹೇಳುವವಳೇ. ಆ ದಾದಿ ಮೊದಲ ಸಾಲಿನಲ್ಲಿ ಕೂತಿರುವಾಗ ನನ್ನ ಸಹಿಯನ್ನು ಕೂಗಿ ಓದಿಸಿಕೊಳ್ಳಲು ನನ್ನಿಂದಾಗದು. ಆದರೆ ನನ್ನ ಬಾಯಿಂದ ಹೊರಟರೆ ನೀನು ಕಳ್ಳ, ನಿನ್ನ ಬಾಯಿಂದ ಹೊರಟರೆ ತಪ್ಪು ಮಾಡಿದ ಮನುಷ್ಯ. ಆ ವ್ಯತ್ಯಾಸವನ್ನು ನನಗೆ ಉಳಿಸಿಕೊಡು. ಚಿಕ್ಕಮ್ಮನ ಮುಖ ಮುಂದೆ ನಾನು ನೋಡಬೇಕು. ನನ್ನ ಮಗಳು ನಿನ್ನನ್ನು ತಾತ ಅನ್ನಬೇಕು.

ಸಮಜಾಯಿಷಿ ಬೇಡ, ಅಳುವುದು ಬೇಡ. “ನೀನು ಬರೆದದ್ದೇ ಸರಿ ಇತ್ತು” ಅನ್ನು, ಸಾಕು, ಮಿಕ್ಕದ್ದನ್ನು ಯಜಮಾನರ ಎದುರು ಇಬ್ಬರೂ ಹೋಗಿ ಹೇಳೋಣ. ದೇವರು ನಿನಗೆ ಅಷ್ಟು ಬಾಯಿ ಕೊಡಲಿ, ನಿನ್ನನ್ನು ಚೆನ್ನಾಗಿಟ್ಟಿರಲಿ. ಫೋನನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೇನೆ, ಮಗು ಏಳದಿರಲಿ ಅಂತ ಸದ್ದು ಅಡಗಿಸಿದ್ದೇನೆ, ಅದು ನಡುಗಿದರೆ ಸಾಕು ಎತ್ತುತ್ತೇನೆ. ಕಾಲಿಗೆ ಬೀಳುತ್ತೇನೆ ಚಿಕ್ಕಪ್ಪ, ಬೆಳಕು ಹರಿಯುವ ಮೊದಲು ಒಂದೇ ಒಂದು ಸಲ ಫೋನ್ ಮಾಡು.

ನಿನ್ನ ಅಣ್ಣನ ಮಗಳು