ವಾರಗಿತ್ತಿಯ ಕಾಲು

ಜೂನ್ 8, ಭಾನುವಾರ, ಮಧ್ಯಾಹ್ನ

ಚರ್ಚಿನ ಆರಾಧನೆಯಲ್ಲಿ ಪ್ರಾರ್ಥನೆಯ ಲಿಸ್ಟ್ ಓದಿದೆ. ಎಂದಿನಂತೆ ನಾನೇ. ಒಂಬತ್ತು ಹೆಸರು. ಏಳನೆಯದು ವಾರಗಿತ್ತಿಯದು. "ದೊಡ್ಡಮ್ಮಾ, ಅಮ್ಮನ ಕಾಲಿಗೆ ಪ್ರಾರ್ಥನೆ ಮಾಡ್ಸಿ" ಎಂದು ಅವಳ ಮಗಳು ಕೇಳಿ ಐದು ವಾರವಾಯಿತು. ಐದು ವಾರವೂ ಮೈಕಿನಲ್ಲಿ ಗಟ್ಟಿಯಾಗಿ ಓದಿದ್ದೇನೆ — ಶುಗರ್, ಪಾದದಲ್ಲಿ ಹುಣ್ಣು, ಕೀವು, ಡ್ರೆಸ್ಸಿಂಗ್ ಮಾಡುವವರಿಲ್ಲ. ಸಭೆಯೆಲ್ಲ ಆಮೆನ್ ಎಂದಿತು. ನಾನೂ ಎಂದೆ.

ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ಡ್ರೆಸ್ಸಿಂಗ್ ಮಾಡಿದ ನರ್ಸು ನಾನು! ಯಾರನ್ನಾದರೂ ಕಳಿಸಪ್ಪಾ ಎಂದು ದೇವರನ್ನು ಕೇಳುತ್ತಿದ್ದೇನೆ. ಆತ ನಗದೆ ಇನ್ನೇನು ಮಾಡಿಯಾನು?

ಅವಳೊಡನೆ ಮಾತು ಬಿಟ್ಟು ಒಂಬತ್ತು ವರ್ಷ. ಅತ್ತೆಯ ಹೊಲಿಗೆ ಯಂತ್ರ ಯಾರಿಗೆ ಎಂಬ ಜಗಳ. ಬರೆಯಲು ನಾಚಿಕೆ.

ನಾಳೆ ಹೋಗುತ್ತೇನೆ.

ಜೂನ್ 9, ಬೆಳಿಗ್ಗೆ 11

ಹತ್ತಿ, ಬ್ಯಾಂಡೇಜ್, ಸಲೈನ್ ಹಿಡಿದು ಹೋದೆ. ಬಾಗಿಲು ಒಂದು ಗೇಣು ತೆರೆದಳು.

"ಏನು? ಮುಂದಿನ ವಾರಕ್ಕೆ ಸುದ್ದಿ ಸಾಲ್ದಾ?"

ಅರ್ಥವಾಗಲಿಲ್ಲ.

"ನನ್ನ ಕೀವಿನ ಕಥೆ ಮೈಕಲ್ಲಿ ಓದಿದ್ಯಲ್ಲ. ಬೇಕರಿಯವನು ಕೇಳಿಸ್ಕೊಂಡು ಇನ್ಮೇಲೆ ಕೇಕ್ ಬೇಡ ಅಂದ್ಬಿಟ್ಟ."

ಬಾಗಿಲು ಧಡಾರ್.

ಬೇಕರಿಯವನು ಮೂರನೇ ಬೆಂಚಿನಲ್ಲಿ ಕೂರುತ್ತಾನೆ. ಅವನಿಗೆ ಕೇಕ್ ಮಾಡಿಕೊಟ್ಟೇ ಅವಳ ಮನೆ ನಡೆಯುವುದು. ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಜೂನ್ 10

ಅವಳ ಮಗಳ ಫೋನ್. 27ಕ್ಕೆ ಡಾಕ್ಟರು ನೋಡುತ್ತಾರಂತೆ. ಹುಣ್ಣಿನ ಕಪ್ಪು ಹರಡಿದ್ದರೆ ಪಾದವನ್ನೇ ತೆಗೆಯಬೇಕು. ದಿನಾ ತೊಳೆದು ಕಟ್ಟಿದರೆ ಉಳಿದೀತು. ಮಗಳಿಗೆ ಫ್ಯಾಕ್ಟರಿಯಲ್ಲಿ ರಜೆ ಸಿಗುವುದಿಲ್ಲ.

ಮತ್ತೆ ಹೋದೆ. ಬಾಗಿಲು ತೆರೆಯಲಿಲ್ಲ. ಮೆಟ್ಟಿಲ ಮೇಲೆ ಒಂದು ಗಂಟೆ ಕೂತು ಬಂದೆ.

ಜೂನ್ 12

ಇವತ್ತು ಕಿಟಕಿಯಿಂದ ದನಿ. "ಒಳ್ಳೆ ಗಂಟುಬಿದ್ಯಲ್ಲ!" ತಪ್ಪಾಯಿತು ಎಂದೆ.

"ಮೈಕಲ್ಲಿ ಮಾನ ಕಳ್ದು ಮೆಟ್ಟಿಲ ಮೇಲೆ ತಪ್ಪಾಯ್ತಾ?"

ಸರಿಯಾದ ಮಾತು. ಸರಿಯಾಗಿದ್ದಕ್ಕೇ ಮೈ ಉರಿಯಿತು.

ಜೂನ್ 15, ಭಾನುವಾರ

ಲಿಸ್ಟ್ ಓದಲಿಲ್ಲ. ಮೈಕ್ ಹಿಡಿದು ಹೇಳಿದೆ — "ಪ್ರಾರ್ಥನೆ ಹೆಸರಲ್ಲಿ ಒಬ್ಬಳ ಕಾಯಿಲೆನ ಊರಿಗೆಲ್ಲ ಸಾರಿದೆ. ಕೈಲಾಗೋ ಕೆಲಸ ಮಾಡ್ಲಿಲ್ಲ. ತಪ್ಪು ನಂದು." ಪಾದ್ರಿ ಅಯ್ಯನವರು ಕನ್ನಡಕ ತೆಗೆದು ಒರೆಸತೊಡಗಿದರು. ಇವತ್ತು ಹೇಳಬೇಕಿದ್ದ ಪ್ರಸಂಗ ಮರೆತೇ ಹೋದರೇನೋ, ಪಾಪ.

ಹೊರಗೆ ಬೇಕರಿಯವನನ್ನು ಹಿಡಿದೆ. "ಅದು ಅಂಟೋ ಕಾಯಿಲೆ ಅಲ್ಲ. ನರ್ಸ್ ಹೇಳ್ತಿದೀನಿ." ನೋಡೋಣ ಎಂದು ಜಾರಿಕೊಂಡ.

ಜೂನ್ 16

ಬಾಗಿಲು ತೆರೆದೇ ಇತ್ತು. ಕುರ್ಚಿಯಲ್ಲಿ ಕಾಲು ಚಾಚಿ, ಮುಖ ಗೋಡೆಗೆ ತಿರುಗಿಸಿ ಕೂತಿದ್ದಳು. ನೆಲದ ಮೇಲೆ ಕೂತು ಹಳೆಯ ಬ್ಯಾಂಡೇಜ್ ಬಿಚ್ಚಿದೆ. ಕಿರುಬೆರಳು ಕಪ್ಪಾಗಿದೆ. ಅಯ್ಯೋ, ಐದು ವಾರ! ಅಳು ತಡೆಯಲಾಗಲಿಲ್ಲ.

"ಅಳೋದಾದ್ರೆ ಆಚೆ ಹೋಗಿ ಅಳು. ಗಾಯಕ್ಕೆ ಬೀಳುತ್ತೆ."

ಆಚೆ ಹೋಗಿ ಅತ್ತು, ಕೈ ತೊಳೆದು, ಬಂದು ಕಟ್ಟಿದೆ.

ಜೂನ್ 24

ಒಂಬತ್ತು ದಿನ. ಒಂದೂ ತಪ್ಪಿಸಿಲ್ಲ. ಬಸ್ಸಿಲ್ಲದ ದಿನ ನಡೆದೇ ಹೋದೆ. ಮಂಡಿ ಹಿಡಿದುಕೊಂಡಿದೆ. ಹಿಡಿದುಕೊಳ್ಳಲಿ. ಕಪ್ಪು ಹರಡಿಲ್ಲ...

ಜೂನ್ 27

ಡಾಕ್ಟರು ನೋಡಿದರು. ಕಿರುಬೆರಳು ಹೋಗುತ್ತದೆ. ಪಾದ ಉಳಿಯುತ್ತದೆ.

ದೇವರಿಗೆ ಸ್ತೋತ್ರ ಎಂದೆ. ಆದರೆ ಆ ಬೆರಳು ನನ್ನ ಐದು ವಾರ. ಅದನ್ನು ಯಾವ ಪ್ರಾರ್ಥನೆಯಲ್ಲೂ ಮುಚ್ಚಿಡಲಾರೆ.

ಜುಲೈ 5, ಬೆಳಿಗ್ಗೆ 7:30

ಬೆರಳು ತೆಗೆದು ನಾಲ್ಕು ದಿನ. ಹೊಲಿಗೆ ಚೆನ್ನಾಗಿದೆ. ಬೇಕರಿಯವನು ಇನ್ನೂ ಕೇಕ್ ಕೇಳಿಲ್ಲ. ಹೋಗುವ ದಾರಿಯಲ್ಲಿ ಇವತ್ತೂ ಅವನ ತಲೆ ತಿನ್ನಬೇಕು. ಒಪ್ಪುವವರೆಗೆ ಬಿಡುವವಳಲ್ಲ.

ಫೋನ್. ಅವಳೇ! ಒಂಬತ್ತು ವರ್ಷದಲ್ಲಿ ಮೊದಲ ಸಲ.

"ಅಕ್ಕಾ, ಎಲ್ಲಿ ಹಾಳಾಗ್ಹೋದೆ? ನೀರು ಕಾಯ್ಸಿಟ್ಟು ಕಾಲು ಗಂಟೆ ಆಯ್ತು."

ನೀರು ಕಾಯಿಸಿದಳಂತೆ, ಮಹರಾಯ್ತಿ! ನಡೆಯಬೇಡ ಎಂದು ಬಡಿದುಕೊಂಡಿದ್ದೆ, ಆ ಕಾಲಿನಲ್ಲಿ ಒಲೆಯ ಮುಂದೆ ನಿಂತಳೇ? ಹೊರಟೆ. ಹೋಗಿ ಸರಿಯಾಗಿ ಬೈದು—